ಬಂಡ್ರಿಗೆ ಹೋದ ಕೊನೆಯ ದೊಡ್ಡ ಟಿ.ವಿ.

೨೦೦೬ನೆಯ ಇಸವಿ ಜೂನ್ ೨೭, ಮಂಗಳವಾರ. ಆಧಾರ: ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಟಿ.ವಿ. ಅಂಗಡಿ ನಡೆಸುತ್ತಿದ್ದ ಕೊಟ್ರಬಸಪ್ಪನವರ ಕೈಬರಹದ ದಫ್ತರ, ಪುಟ ೧೧೨. ಅಲ್ಲಿ ನೀಲಿ ಶಾಯಿಯಲ್ಲಿ ಹೀಗಿದೆ: "ಬಂಡ್ರಿ, ಹೆಣ್ಣುಮಕ್ಕಳ ಸಂಘ. ೨೯ ಇಂಚು. ಕೂಡಿಸಿದ್ದು ನಾನೇ. ಬಣ್ಣ ಎರಡು ಸಲ." ಆ ದಿನ ನಾನೂ ಸಂಡೂರು ಸೀಮೆಯ ಆ ಹಳ್ಳಿಯಲ್ಲಿದ್ದೆ. ಬಣ್ಣವನ್ನು ಎರಡು ಸಲ ಏಕೆ ಕೂಡಿಸಬೇಕಾಯಿತು ಎಂಬುದು ನನಗೆ ಗೊತ್ತು. ಈ ಪುಟದ ಮಟ್ಟಿಗೆ ನನ್ನ ನೆನಪು ಮತ್ತು ದಾಖಲೆ ಒಂದೇ ಮಾತನ್ನು ಹೇಳುತ್ತವೆ.

ಈ ದಫ್ತರ ನನ್ನ ಕೈಗೆ ಬಂದದ್ದು ಹೋದ ಚಳಿಗಾಲದಲ್ಲಿ. ಹಂಪಿಯ ಒಂದು ಶಾಸನಪಾಠವನ್ನು ಮತ್ತೊಮ್ಮೆ ಕಲ್ಲಿನೆದುರು ನಿಂತು ನೋಡಬೇಕಾಗಿತ್ತು. ಹೋದವನು ಚಿತ್ತವಾಡ್ಗಿಗೂ ಹೋದೆ. ಅಂಗಡಿಯಿದ್ದ ಜಾಗದಲ್ಲಿ ಈಗ ಕೊಟ್ರಬಸಪ್ಪನವರ ಸೊಸೆ ರವಿಕೆ ಹೊಲಿಯುತ್ತಾರೆ. ಕೊಟ್ರಬಸಪ್ಪನವರ ಪತ್ನಿ ಗೌರಮ್ಮ ನನ್ನನ್ನು ಗುರುತಿಸಿ ಒಳಗೆ ಕರೆದರು. ಹಿಂದಿನ ಕೋಣೆಯಲ್ಲಿದ್ದ ತಗಡಿನ ಟ್ರಂಕಿನ ಮುಚ್ಚಳ ಎತ್ತಿದರು. ಬೆಸುಗೆಗೆ ಬಳಸುವ ರಾಳದ ವಾಸನೆ, ಅದರ ಬೆನ್ನಿಗೆ ಬಿಸಿಯಾದ ಧೂಳಿನ ವಾಸನೆ. ಹಿಂದೆ ಹದಿನೆಂಟು ತಿಂಗಳು ನಾನು ಈ ಅಂಗಡಿಯ ಮಹಡಿಯ ಬಾಡಿಗೆ ಕೋಣೆಯಲ್ಲಿ ಮಲಗೆದ್ದದ್ದು ಈ ವಾಸನೆಯೊಳಗೇ.

"ತಾರೀಖು ನೋಡವ್ರು ಬಂದ್ರ ಇದನ್ನ ಕೊಡು ಅಂದಿದ್ರು ಅವ್ರು," ಎಂದರು ಗೌರಮ್ಮ. "ಅವ್ರು ಹೋಗಿ ಭಾಳ ವರ್ಷ ಆತು. ನೀವು ಬರಲೇ ಇಲ್ಲಲ್ರಿ ಸರ."

ಮೊದಲು ನೆನಪಿರುವಂತೆ ಬರೆಯುತ್ತೇನೆ. ದಫ್ತರದೊಂದಿಗೆ ತಾಳೆ ನೋಡಿದಾಗ ಕಂಡದ್ದನ್ನು ಕೊನೆಗೆ ಬರೆಯುತ್ತೇನೆ. ನನ್ನ ವೃತ್ತಿಯಲ್ಲಿ ಎರಡನ್ನೂ ಬೆರೆಸುವ ರೂಢಿಯಿಲ್ಲ.

ಆ ವರ್ಷ ಹೊಸಪೇಟೆಯಲ್ಲಿ ಬಿಳಿಯ ಬಟ್ಟೆ ತೊಡುವವರು ಕಡಿಮೆಯಾಗಿದ್ದರು. ಸಂಡೂರಿನಿಂದ ಅದಿರು ಹೊತ್ತು ಇಳಿಯುವ ಲಾರಿಗಳ ಸಾಲು ಹಗಲಲ್ಲೂ ಕಡಿಯುತ್ತಿರಲಿಲ್ಲ. ರಸ್ತೆ ಬದಿಯ ಬೇವಿನ ಮರಗಳು ಹಸಿರು ಬಿಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಮಳೆ ಬಿದ್ದರೆ ಅವುಗಳ ಎಲೆಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ನಾನು ಹಂಪಿಯ ಸುತ್ತಲಿನ ಹಳ್ಳಿಗಳಲ್ಲಿ ಶಾಸನಗಳ ಪ್ರತಿ ಮಾಡುವ ಕೆಲಸಕ್ಕೆ ನಿಯೋಜಿತನಾಗಿ ಬಂದಿದ್ದೆ. ಆ ಕೆಲಸದ ಒಂದು ರೂಢಿಯನ್ನು ಇಲ್ಲೇ ಹೇಳಬೇಕು. ದಾನಶಾಸನದ ಕೊನೆಯಲ್ಲಿ, ದಾನವನ್ನು ಕೆಡಿಸಿದವನಿಗೆ ಇಂಥ ಪಾಪ ತಟ್ಟುತ್ತದೆಂಬ ಶಾಪದ ಸಾಲುಗಳು ಬರುತ್ತವೆ. ಊರು ಬದಲಾದರೂ ಆ ಸಾಲುಗಳು ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಾವು ಟಿಪ್ಪಣಿ ಪುಸ್ತಕದಲ್ಲಿ ಅವನ್ನು ಬರೆದುಕೊಳ್ಳದೆ, "ಉಳಿದದ್ದು ವಾಡಿಕೆಯಂತೆ" ಎಂದು ಗುರುತು ಹಾಕಿ ಮುಂದಿನ ಕಲ್ಲಿಗೆ ಹೋಗುತ್ತಿದ್ದೆವು.

ಕೊಟ್ರಬಸಪ್ಪನವರಿಗೆ ಆಗ ಅರವತ್ತರ ಹತ್ತಿರ. ಒಂದೇ ಕಂಪನಿಯ ಟಿ.ವಿ.ಗಳನ್ನು ಇಪ್ಪತ್ತು ವರ್ಷಗಳಿಂದ ಮಾರುತ್ತಿದ್ದರು, ಅವರೇ ರಿಪೇರಿಯನ್ನೂ ಮಾಡುತ್ತಿದ್ದರು. ಕಂಪನಿಯ ಹೆಸರು ಇಲ್ಲಿ ಅನಗತ್ಯ. ಒಂದು ಕಾಲದಲ್ಲಿ ಈ ಸೀಮೆಯಲ್ಲಿ ಅದನ್ನು ಬಿಡಿಯಾಗಿ ಹೇಳಬೇಕಾಗಿಯೇ ಇರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯವರು ಮಗಳ ಮದುವೆಗೆ ಟಿ.ವಿ. ಕೊಡುವುದೆಂದರೆ ಆ ಕಂಪನಿಯದೇ ಎಂದು ಬೀಗರು ತಿಳಿದುಕೊಳ್ಳುತ್ತಿದ್ದರು. ಮರದ ಬಾಗಿಲಿನ ಪೆಟ್ಟಿಗೆಯ ಕಾಲದಿಂದ ದೊಡ್ಡ ಗಾಜಿನ ಪಿಕ್ಚರ್ ಟ್ಯೂಬಿನ ಕಾಲದವರೆಗೆ ಅದರ ಚಿತ್ರಕ್ಕೆ ಸಮನಾದ ಚಿತ್ರ ಇರಲಿಲ್ಲವೆಂದು ಕೊಟ್ರಬಸಪ್ಪ ಹೇಳುತ್ತಿದ್ದರು. ಕಂಪನಿಯೂ ಅದನ್ನೇ ನಂಬಿಕೊಂಡು ಕುಳಿತಿತ್ತು. ಬೇರೆಯವರು ಗೋಡೆಗೆ ತೂಗುವ ತೆಳು ಟಿ.ವಿ. ಮಾಡುತ್ತಿದ್ದಾಗ ಇದು ಇನ್ನೂ ಭಾರದ, ಇನ್ನೂ ದೊಡ್ಡ ಟ್ಯೂಬುಗಳನ್ನು ಮಾಡಿತು. ಇಬ್ಬರು ಗಂಡಾಳುಗಳಿಲ್ಲದೆ ಅವು ಮೇಲೇಳುತ್ತಿರಲಿಲ್ಲ.

ಗಣಿಯ ಹಣ ಬಂದ ಮನೆಗಳು ತೆಳು ಟಿ.ವಿ.ಯನ್ನೇ ಕೇಳುತ್ತಿದ್ದವು. ಸ್ಟೇಷನ್ ರಸ್ತೆಯಲ್ಲಿ ಗಾಜಿನ ಗೋಡೆಯ ಹೊಸ ಮಳಿಗೆ ತೆರೆದಿತ್ತು. ಕಂಪ್ಲಿಯ ಗಿರಣಿ ಮಾಲೀಕರೊಬ್ಬರ ಮಗ, ಆ ವರ್ಷವಷ್ಟೇ ಲಾರಿಗಳನ್ನು ಅದಿರಿಗೆ ಹಾಕಿದ್ದವನು, ಹಳೆಯ ಸಲಿಗೆಯಿಂದ ಒಂದು ಸಂಜೆ ಬಂದ. ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿದ.

"ಕಾಕಾ, ಗ್ವಾಡಿಗೆ ತೂಗಹಾಕೂದು ಇಲ್ಲೇನ್ರಿ ನಿಮ್ಮ ಕಂಪನೀದು?"

"ಗ್ವಾಡಿಗೆ ತೂಗಹಾಕಾಕ ಕ್ಯಾಲೆಂಡರ್ ಐತಿ. ಒಯ್ಯಲೇ."

ಅವನು ನಕ್ಕು, ಕ್ಯಾಲೆಂಡರನ್ನು ನಿಜವಾಗಿಯೂ ಸುತ್ತಿಕೊಂಡು ಹೋದ. ಅದೇ ವಾರ ಅವನ ಮನೆಗೆ ಸ್ಟೇಷನ್ ರಸ್ತೆಯಿಂದ ತೆಳು ಟಿ.ವಿ. ಹೋಯಿತು. ಅವನ ಅಕ್ಕನ ಮದುವೆಯ ಟಿ.ವಿ.ಯನ್ನು ಕೂಡಿಸಿದವರು ಕೊಟ್ರಬಸಪ್ಪನವರೇ.

'ಕೂಡಿಸುವುದು' ಅವರ ಮಾತು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದರೆ ಅದು ಕೂಡಿಸಿದಂತಲ್ಲ. ಆ ಮನೆಯ ಹಿರಿಯ ಹೆಣ್ಣುಮಗಳು ಅರಿಷಿಣ ಕುಂಕುಮದ ತಟ್ಟೆಯನ್ನು ಪರದೆಯ ಪಕ್ಕ ಹಿಡಿದು ನಿಲ್ಲಬೇಕು. ಎದುರಿಗೆ ಒಂದು ಕನ್ನಡಿ. ಕೊಟ್ರಬಸಪ್ಪ ಪೆಟ್ಟಿಗೆಯ ಹಿಂದೆ ಕೂತು, ಕನ್ನಡಿಯಲ್ಲಿ ನೋಡುತ್ತ, ಒಳಗಿನ ತಿರುಪುಗಳನ್ನು ಕೂದಲೆಳೆಯಷ್ಟೇ ತಿರುಗಿಸುವರು. ವಾರ್ತೆ ಓದುವ ಹೆಣ್ಣುಮಗಳ ಹಣೆಯ ಕುಂಕುಮ ತಟ್ಟೆಯ ಕುಂಕುಮದಂತೆಯೇ ಕಂಡಿತೆಂದು ಆ ಹಿರಿಯಳು ಒಪ್ಪಬೇಕು. ಆಮೇಲೆ ಅವರು ಒಂದು ಮಾತು ಹೇಳುವರು: "ಕೆಟ್ರ ನಾನು ಬರ್ತೀನಿ." ಇಪ್ಪತ್ತು ವರ್ಷ ಜನ ಅಂಗಡಿಗೆ ಬಂದದ್ದು ಈ ಮಾತಿಗಾಗಿ. ಒಮ್ಮೆಯೂ ಹೋಗದೆ ಇದ್ದವರಲ್ಲ. ಅಂಗಡಿ ಮುಚ್ಚಬೇಕಾದರೂ ಚಿಂತೆಯಿಲ್ಲ, ಒಬ್ಬರ ಮನೆಯಲ್ಲಿ ಆ ಮಾತು ಸುಳ್ಳಾಗಬಾರದು ಎಂದು ಅವರು ಆ ಬೇಸಿಗೆಯಲ್ಲಿ ನನ್ನೆದುರು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು.

ಅಂಗಡಿಯಲ್ಲಿ ಉಳಿದಿದ್ದ ದೊಡ್ಡ ಟಿ.ವಿ. ಒಂದೇ. ಅದನ್ನು ಕೇಳಿಕೊಂಡು ಬಂದವರು ಬಂಡ್ರಿಯ ಹೆಣ್ಣುಮಕ್ಕಳು, ಅದಿರು ಒಡೆದು ಆರಿಸುವ ಕೂಲಿಯವರು. ಅವರ ಮುಂದಾಳು ಹುಲಿಗೆಮ್ಮ, ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಊರಿನ ಗುತ್ತಿಗೆದಾರನ ಶೆಡ್ಡಿನಲ್ಲಿ ಟಿ.ವಿ. ಇತ್ತು, ಆದರೆ ಅಲ್ಲಿ ಗಂಡಸರು ಕೂರುತ್ತಿದ್ದುದರಿಂದ ಇವರು ಹೊರಗೆ ನಿಂತು ಸದ್ದನ್ನಷ್ಟೇ ಕೇಳಬೇಕಾಗಿತ್ತು. ಸಂಘದ ಕೋಣೆಯಲ್ಲಿ ತಮ್ಮದೊಂದು ಬೇಕು, ಹಿಂದಿನ ಸಾಲಿಗೂ ಕಾಣಬೇಕು, ದಿನವೆಲ್ಲ ಧೂಳು ತಿಂದ ಕಣ್ಣಿಗೆ ಸಣ್ಣದು ಕಾಣುವುದಿಲ್ಲ ಎಂದು ಆಕೆ ವಿವರಿಸಿದರು. ಬೆಲೆಯ ಮಾತು ಬೇಗ ಮುಗಿಯಿತು. ಆಕೆಗೆ ಬೇಕಾಗಿದ್ದುದು ಬೇರೆ.

"ಕೆಟ್ರ ಯಾರು ಬರ್ತಾರ್ರಿ ಸಾವ್ಕಾರ್ರ? ಬಂಡ್ರಿಗೆ ಯಾರೂ ಬರಂಗಿಲ್ಲ."

"ನಾನು ಬರ್ತೀನಿ ಯವ್ವ. ಬಸ್ ಇಲ್ಲಂದ್ರ ಲಾರಿ ಹತ್ತಿ ಬರ್ತೀನಿ."

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಎರಡನೆಯ ದಿನ ಟಿ.ವಿ. ಬಂಡ್ರಿಗೆ ಹೋಯಿತು. ಆ ಊರಲ್ಲಿ ಒಂದು ವೀರಗಲ್ಲು ಇದೆಯೆಂದು ಕೇಳಿದ್ದರಿಂದ ನಾನೂ ಜೊತೆಗೆ ಹೋದೆ. ಸಂಘದ ಕೋಣೆಯ ಗೂಡಿನಲ್ಲಿ ಮಣ್ಣಿನ ಎತ್ತುಗಳು ಇನ್ನೂ ಇದ್ದವು. ಹುಲಿಗೆಮ್ಮನೇ ತಟ್ಟೆ ಹಿಡಿದರು. ಕೊಟ್ರಬಸಪ್ಪ ಹಿಂದೆ ಕೂತು ಅರ್ಧ ಗಂಟೆ ತಿರುಪು ತಿರುಗಿಸಿ, ಕುಂಕುಮಕ್ಕೆ ಕುಂಕುಮ ಕೂಡಿಸಿ, ಬೆವರು ಒರೆಸಿಕೊಂಡು ಎದ್ದರು. ಆಗ ಹುಲಿಗೆಮ್ಮ ಸೆರಗಿನಿಂದ ಗಾಜನ್ನೊಮ್ಮೆ ಒರೆಸಿದರು. ವಾರ್ತೆ ಓದುತ್ತಿದ್ದವಳ ಮುಖ ಹಸಿರಾಗಿಬಿಟ್ಟಿತು. ದಾರಿಯ ಕೆಂಪು ಧೂಳು ಗಾಜಿನ ಮೇಲೆ ತೆಳ್ಳಗೆ ಕೂತಿದ್ದನ್ನು ಯಾರೂ ಗಮನಿಸಿರಲಿಲ್ಲ. ಅವರು ಧೂಳಿನ ಕೆಂಪನ್ನೂ ಸೇರಿಸಿಯೇ ಬಣ್ಣ ಕೂಡಿಸಿದ್ದರು.

"ಈಕಿ ಗಿಣಿ ಆದಳಲ್ಲೇ," ಎಂದು ಹಿಂದಿನಿಂದ ಒಬ್ಬ ಮುದುಕಿ.

"ನಮ್ಮ ಊರಾಗ ಮೊದ್ಲು ಮಾರಿ ಒರಸ್ಬೇಕ್ರಿ ಸಾವ್ಕಾರ್ರ, ಆಮ್ಯಾಲ ಬಣ್ಣ ನೋಡ್ಬೇಕು," ಎಂದರು ಹುಲಿಗೆಮ್ಮ. ಕೋಣೆಯೆಲ್ಲ ನಕ್ಕಿತು, ಕೊಟ್ರಬಸಪ್ಪನವರೂ ನಕ್ಕರು. ಮತ್ತೆ ಅರ್ಧ ಗಂಟೆ ಕೂತರು. ಅಷ್ಟರಲ್ಲಿ ಹುಲಿಗೆಮ್ಮ ನನಗೆ ವೀರಗಲ್ಲು ತೋರಿಸಿದರು. ಅಕ್ಷರದ ರೂಪ ನೋಡಿ ಅದರ ಕಾಲವನ್ನು ಹೇಳಿದೆ. ಆಕೆ ಕಲ್ಲನ್ನೂ ನನ್ನನ್ನೂ ನೋಡಿ, ಇಷ್ಟು ದಿನ ಬಟ್ಟೆ ಒಗೆಯುತ್ತಿದ್ದ ಕಲ್ಲು ಅಷ್ಟು ಹಳೆಯದೇ ಎಂದು ಕೇಳಿದರು.

ಹೊರಡುವಾಗ ಕೊಟ್ರಬಸಪ್ಪ ತಮ್ಮ ಮಾತು ಹೇಳಿದರು. ಕೆಟ್ಟರೆ ಬರುತ್ತೇನೆ.

ಇನ್ನು ಪತ್ರ. ಕಂಪನಿಯಿಂದ ಬರುತ್ತಿದ್ದ ಇಂಗ್ಲಿಷ್ ಪತ್ರಗಳನ್ನು ನಾನೇ ಓದಿ ಹೇಳುತ್ತಿದ್ದೆ. ಸರ್ಕ್ಯೂಟಿನ ನಕ್ಷೆ, ಬಿಡಿಭಾಗಗಳ ನಂಬರು ಅವರಿಗೆ ಬಾಯಿಪಾಠ. ವಾಕ್ಯಗಳು ಮಾತ್ರ ಕೈಗೆ ಸಿಗುತ್ತಿರಲಿಲ್ಲ. "ಕಲ್ಲು ಓದವ್ರಿಗೆ ಕಾಗದ ಏನ್ ದೊಡ್ಡದ್ರಿ ಸರ," ಎಂದು ಮಹಡಿಯ ಮೆಟ್ಟಿಲ ಬಳಿ ಬಂದು ಕೊಡುತ್ತಿದ್ದರು. ನನ್ನ ನೆನಪಿನ ಪ್ರಕಾರ ಆ ಪತ್ರ ಬಂದದ್ದು ನಾಗರ ಪಂಚಮಿಯ ಹೊತ್ತಿಗೆ. ಗೌರಮ್ಮ ಉಂಡಿ ಕಟ್ಟುತ್ತಿದ್ದರು, ಅಡಿಗೆಮನೆಯಿಂದ ಹುರಿದ ಶೇಂಗಾದ ವಾಸನೆ ಬರುತ್ತಿತ್ತು. ದೊಡ್ಡ ಟ್ಯೂಬಿನ ಟಿ.ವಿ. ಇನ್ನು ತಯಾರಾಗುವುದಿಲ್ಲ, ಅಂಗಡಿಯೊಂದಿಗಿನ ಒಪ್ಪಂದ ಮುಂದುವರಿಯುವುದಿಲ್ಲ, ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್ ಇನ್ನು ಸಿಗುವುದಿಲ್ಲ. ಮೂರನ್ನೂ ನಾನು ನಿಧಾನವಾಗಿ ಹೇಳಿದೆ. ಅವರು ಉಂಡಿಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. "ಆ ಸಾಮಾನು ಇಲ್ಲಂದ್ರ ಟಿ.ವಿ. ಬರೇ ಪೆಟ್ಟಿಗಿ ಸರ," ಎಂದಷ್ಟೇ ಹೇಳಿದರು.

ಆಗಸ್ಟಿನ ತೇವಕ್ಕೆ ಬಂಡ್ರಿಯ ಟಿ.ವಿ. ಕೆಟ್ಟಿತು. ಒಳಗೆ ಕೂತ ಕೆಂಪು ಧೂಳು ತಂಪು ಹಿಡಿದು, ಒಮ್ಮೆ ಚಟ್ಟೆಂದು ನೀಲಿ ಬೆಳಕು ಹೊಡೆದು, ಕತ್ತಲಾಯಿತಂತೆ. ಕೊಟ್ರಬಸಪ್ಪ ಮರುದಿನವೇ ಹೋದರು, ಅದಿರಿಗೆ ಖಾಲಿ ಹೋಗುತ್ತಿದ್ದ ಲಾರಿ ಹತ್ತಿ. ಸುಟ್ಟದ್ದು ಅದೇ ಬಿಡಿಭಾಗ. ಹುಬ್ಬಳ್ಳಿಯ ಕಂಪನಿ ಆಫೀಸಿಗೂ ಹೋದರು. ಅಲ್ಲಿನ ಅಧಿಕಾರಿ ಸುಟ್ಟ ಭಾಗದ ಮೇಲಿದ್ದ ಧೂಳನ್ನು ಬೆರಳಿಗೆ ಹಚ್ಚಿಕೊಂಡು ನೋಡಿ, ಇದು ಗ್ಯಾರಂಟಿಯೊಳಗೆ ಬರುವುದಿಲ್ಲ ಎಂದರಂತೆ. ಬಿಡಿಭಾಗವಂತೂ ಗೋದಾಮಿನಲ್ಲೂ ಇಲ್ಲ. ಮರಳಿ ಬಂದು ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಕೂತವರು, ದೀಪ ಹಚ್ಚುವ ಹೊತ್ತಾದರೂ ಒಳಗೆ ಹೋಗಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಹುಲಿಗೆಮ್ಮ ಇಬ್ಬರು ಹೆಂಗಸರೊಂದಿಗೆ ಬಂದರು. ಆ ಸಾಮಾನು ಬರುವುದು ನಿಂತು ಹೋಗುತ್ತದೆಂದು ಕಂಪನಿ ಮಳೆಗಾಲಕ್ಕೆ ಮುಂಚೆಯೇ ತಿಳಿಸಿತ್ತು ಎಂದು ಸಂಡೂರಿನ ಯಾವನೋ ಮೆಕ್ಯಾನಿಕ್ ಹೇಳಿದ್ದನಂತೆ. ಆಕೆ ಕೂರಲಿಲ್ಲ. "ಕುಂದ್ರಿ" ಎಂದು ಗೌರಮ್ಮ ಎರಡು ಸಲ ಹೇಳಿದರೂ ನಿಂತೇ ಇದ್ದರು.

"ಸಾವ್ಕಾರ್ರ, ಜಗಳಕ್ಕ ಬಂದಿಲ್ಲ ನಾನು. ಸಾಮಾನು ಸಿಗಂಗಿಲ್ಲಂತ ನಿಮಗ ಮೊದ್ಲ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳ್ರಿ. ಊರಾಗ ನನಗ ಕೇಳ್ತಾರ."

ಕೊಟ್ರಬಸಪ್ಪ ಮೇಜಿನ ಮೇಲಿದ್ದ ತಿರುಪುಗಳನ್ನು ಡಬ್ಬಿಗೆ ತುಂಬತೊಡಗಿದರು. ಮೆಟ್ಟಿಲ ಮೇಲಿದ್ದ ನಾನು ಕೆಳಗಿಳಿದು ಬಂದೆ. ಪತ್ರ ಬಂದದ್ದು ಪಂಚಮಿಗೆ, ಅಂದರೆ ಟಿ.ವಿ. ನಿಮ್ಮೂರಿಗೆ ಹೋಗಿ ಒಂದು ತಿಂಗಳಾದ ಮೇಲೆ, ಓದಿದವನು ನಾನೇ, ಮಾರುವಾಗ ಇವರಿಗೆ ಗೊತ್ತಿರಲಿಲ್ಲ ಎಂದು ಹೇಳಿದೆ. ಹುಲಿಗೆಮ್ಮ ನನ್ನ ಕಡೆ ತಿರುಗಿದರು.

"ನೀವು ಕಲ್ಲಿನ ತಾರೀಖು ಹೇಳವ್ರು," ಎಂದರು. "ನೀವು ಹೇಳಿದ್ರ ಮುಗೀತು ಬಿಡ್ರಿ."

ಆಮೇಲೆ ಕೂತು ಚಹಾ ಕುಡಿದರು. ಕೊಟ್ರಬಸಪ್ಪನವರು ಆಕೆಯ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದರು. ಅದನ್ನು ನಾನು ಕೃತಜ್ಞತೆಯೆಂದು ತಿಳಿದೆ.

ಮರುವಾರ ಅವರು ತಮ್ಮ ಮನೆಯ ಟಿ.ವಿ.ಯ ಹಿಂಬದಿ ಬಿಚ್ಚಿದರು. ಅದೂ ಅದೇ ಮಾದರಿಯದು. ಅವರು ಅತಿ ಹೆಚ್ಚು ಟಿ.ವಿ. ಮಾರಿದ ವರ್ಷ ಕಂಪನಿಯವರೇ ಕೊಟ್ಟದ್ದು. ಗೌರಮ್ಮ ಬಾಗಿಲಲ್ಲಿ ನಿಂತು ನೋಡಿದರು. "ನನ್ನ ಟಿ.ವಿ. ಕೆಟ್ರ ಯಾರು ಬರ್ತಾರ್ರಿ?" ಎಂದು ಕೇಳಿದರು. ಅವರು ತಲೆಯೆತ್ತದೆ, "ಬ್ಯಾಡ ಬಿಡು, ಅದು ಕೆಡಂಗಿಲ್ಲ ಇನ್ನ," ಎಂದರು. ಆ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂಡ್ರಿಗೆ ಹೋದರು. ಮುಂದಿನ ಮಳೆಗಾಲದವರೆಗೆ ಅಲ್ಲಿ ಟಿ.ವಿ. ನಡೆಯಿತು. ಆ ಮಳೆಗೆ ಅದೂ ಸುಟ್ಟಿತು. ಬಿಚ್ಚಲು ಮತ್ತೊಂದು ಮನೆ ಇರಲಿಲ್ಲ. ಆದರೂ ಹೋದರು, ಬರಿಗೈಯಲ್ಲಿ, ಹೇಳಿ ಬರುವುದಕ್ಕಾಗಿ. ಸಂಘದವರು ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ಮಣ್ಣೆತ್ತುಗಳನ್ನು ಇಟ್ಟಿದ್ದರಂತೆ. ಆ ದೀಪಾವಳಿಗೆ ಅಂಗಡಿಯ ಮೇಲಿನ ಕಂಪನಿಯ ಬೋರ್ಡು ಇಳಿಯಿತು. ನನ್ನ ನಿಯೋಜನೆ ಅದಕ್ಕೆ ಮುಂಚೆಯೇ ಮುಗಿದು ನಾನು ಬೇರೆ ಊರಿಗೆ ಹೋಗಿದ್ದೆ; ಕೊನೆಯ ಈ ಸಂಗತಿಗಳು ಅವರು ಬರೆದ ಒಂದು ಕಾರ್ಡಿನಿಂದ ತಿಳಿದವು. ಕಾರ್ಡಿಗೆ ಉತ್ತರ ಬರೆದೆನೆಂದು ನನ್ನ ನೆನಪು. ಅದಕ್ಕೆ ಆಧಾರ ಸಿಕ್ಕಿಲ್ಲ.

ಇದು ನನ್ನ ನೆನಪಿನ ಕ್ರಮ. ಇನ್ನು ದಫ್ತರದ ಕ್ರಮ.

ಕೊಟ್ರಬಸಪ್ಪ ಬಂದ ಪತ್ರಗಳನ್ನು, ಬಂದ ದಿನದ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದರು. ಆ ಮಳೆಗಾಲದ ಪುಟಗಳಲ್ಲಿ ಕಂಪನಿಯ ಪತ್ರಗಳು ಎರಡಿವೆ. ಎರಡನೆಯದು ಜುಲೈ ೨೮, ಶುಕ್ರವಾರ ಬಂದದ್ದು, ಪಂಚಮಿಗೆ ಎರಡು ದಿನ ಮುಂಚೆ. ಒಪ್ಪಂದ ಮುಗಿಯಿತೆಂದೂ ಬಿಡಿಭಾಗ ಸಿಗದೆಂದು ಹಿಂದೆಯೇ ತಿಳಿಸಲಾಗಿದೆಯೆಂದೂ ಅದರಲ್ಲಿದೆ. ಉಂಡಿಯ ವಾಸನೆಯೊಂದಿಗೆ ನನ್ನಲ್ಲಿ ಉಳಿದದ್ದು ಈ ಪತ್ರ. ಮೊದಲನೆಯದು ಜೂನ್ ೧೬, ಶುಕ್ರವಾರ ಬಂದಿದೆ. ಅದೇ ಪುಟದ ಮೇಲ್ಗಡೆ, "ಬಂಡ್ರಿ ಹೆಣ್ಣುಮಕ್ಕಳು ಬಂದಿದ್ದರು, ದೊಡ್ಡದರ ವ್ಯಾಪಾರ ಕುದುರಿತು" ಎಂದಿದೆ. ಟಿ.ವಿ. ಬಂಡ್ರಿಗೆ ಹೋಗುವುದಕ್ಕೆ ಇನ್ನೂ ಹನ್ನೊಂದು ದಿನವಿತ್ತು.

ಆ ಮೊದಲ ಪತ್ರದಲ್ಲಿ ಮೂರು ಪ್ಯಾರಾಗಳಿವೆ. ಒಂದರಲ್ಲಿ ಹಳೆಯ ಸಂಬಂಧದ ಹೊಗಳಿಕೆ. ಎರಡರಲ್ಲಿ ದೊಡ್ಡ ಮಾದರಿಗಳ ತಯಾರಿಕೆ ನಿಲ್ಲಿಸಿದ ಸುದ್ದಿ, ಉಳಿದದ್ದನ್ನು ಮಾರಿ ಮುಗಿಸಬೇಕೆಂಬ ಕೋರಿಕೆ. ಮೂರರಲ್ಲಿ, ಈ ಮಾದರಿಗಳ ಹೈವೋಲ್ಟೇಜ್ ಬಿಡಿಭಾಗವನ್ನು ಇನ್ನು ಪೂರೈಸಲಾಗದು, ಮಾರುವ ಮುನ್ನ ಕೊಳ್ಳುವವರಿಗೆ ಇದನ್ನು ತಿಳಿಸಬೇಕು ಎಂದಿದೆ. ಅಂಚಿನಲ್ಲಿ ಕನ್ನಡದಲ್ಲಿ ಸಾರಾಂಶವಿದೆ. ಅಕ್ಷರ ನನ್ನದು, ಸಂದೇಹವಿಲ್ಲ. ಮೊದಲ ಎರಡು ಪ್ಯಾರಾಗಳ ಸಾರವನ್ನು ಸರಿಯಾಗಿಯೇ ಬರೆದಿದ್ದೇನೆ. ಮೂರನೆಯದರ ಎದುರು ಹೀಗೆ ಬರೆದಿದ್ದೇನೆ: "ಉಳಿದದ್ದು ವಾಡಿಕೆಯಂತೆ."

ಅದನ್ನು ಬರೆದ ನೆನಪು ನನಗಿಲ್ಲ. ಬಸ್ಸಿನ ಆತುರವಿತ್ತೋ, ಗಿರಾಕಿ ಸಿಕ್ಕ ಅವರ ಸಂತೋಷ ನೋಡಿ ಓದುವುದನ್ನು ಅಲ್ಲಿಗೇ ನಿಲ್ಲಿಸಿದೆನೋ ಹೇಳಲಾರೆ, ಹೇಳಿದರೆ ಊಹೆಯಾದೀತು. ಹುಲಿಗೆಮ್ಮನೆದುರು ನಾನು ಹೇಳಿದ ತಾರೀಖು ತಪ್ಪು ಎಂಬುದಷ್ಟೇ ಖಚಿತ. ಆ ಪತ್ರದ ನಕಲು ಮಾಡಿಸಿಟ್ಟಿದ್ದೇನೆ. ಹುಲಿಗೆಮ್ಮ ಈಗಲೂ ಬಂಡ್ರಿಯಲ್ಲಿಯೇ ಇದ್ದಾರೆಂದು ಗೌರಮ್ಮ ಹೇಳಿದರು. ಈ ಸಲ ಹುಲಿಗೆಮ್ಮನೆದುರು ಓದುವಾಗ ಮೂರನೆಯ ಪ್ಯಾರಾದಿಂದ ಆರಂಭಿಸಬೇಕು.

ಇನ್ನೊಂದು ಸಂಗತಿ ಉಳಿದಿದೆ. ಮೂರನೆಯ ಪ್ಯಾರಾದಲ್ಲಿ ಆ ಬಿಡಿಭಾಗದ ನಂಬರಿದೆ. ಕೊಟ್ರಬಸಪ್ಪನವರಿಗೆ ಬಾಯಿಪಾಠವಾಗಿದ್ದ ನಂಬರುಗಳಲ್ಲಿ ಒಂದು. ಅದರ ಕೆಳಗೆ ಕೆಂಪು ಪೆನ್ಸಿಲಿನ ಗೆರೆಯಿದೆ. ಸುಟ್ಟ ಭಾಗಗಳನ್ನು ನಕ್ಷೆಯಲ್ಲಿ ಗುರುತಿಸಲು ಅವರು ಬಳಸುತ್ತಿದ್ದ ಪೆನ್ಸಿಲು ಅದು. ಅವರು ಆ ಗೆರೆಯನ್ನು ಬಂಡ್ರಿಗೆ ಹೋಗುವ ಮುನ್ನ ಎಳೆದಿದ್ದರೆ, ಗೊತ್ತಿದ್ದೂ ಮಾತು ಕೊಟ್ಟರು. ಆಮೇಲೆ ಎಳೆದಿದ್ದರೆ, ನಾನು ಬಿಟ್ಟದ್ದೇನೆಂದು ತಿಳಿದ ಮೇಲೂ ನನಗೆ ಹೇಳಲಿಲ್ಲ. ಅಂಗಡಿಗೆ ಬಂದ ಬೆಸುಗೆಯ ತಂತಿಯ ಸುರುಳಿಗೂ ತಾರೀಖು ಬರೆದಿಟ್ಟ ಮನುಷ್ಯ ಅವರು. ಆ ಗೆರೆಯ ಪಕ್ಕದಲ್ಲಿ ತಾರೀಖಿಲ್ಲ.